ಹಡಗಿಗೆ ಯಾವ ಕಾರ್ಡ್, ನಡುಗಡಲಿಗೆ ಯಾವ ಸಿಮ್: ನಾಲ್ವರು ನಾಲ್ಕು ಥರ ಹೋಗಿ ಬಂದ ಲೆಕ್ಕ

ಕ್ರೂಸ್‌ಗೆ ಹೊರಟವರು ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ: ಹಡಗಿನ ಖಾತೆಗೆ ಫೋರೆಕ್ಸ್ ಕಾರ್ಡ್ (ಮೊದಲೇ ಡಾಲರ್ ತುಂಬಿಸಿಕೊಂಡು ಹೋಗುವ ಕಾರ್ಡ್) ಕೊಡಬೇಡಿ, ಕ್ರೆಡಿಟ್ ಕಾರ್ಡ್ ಕೊಡಿ. ಮಾರ್ಕಪ್, ಅಂದರೆ ಹೊರದೇಶದ ಖರ್ಚಿನ ಮೇಲೆ ಬ್ಯಾಂಕ್ ಹಾಕುವ ಹೆಚ್ಚುವರಿ ಶುಲ್ಕ, ಇಲ್ಲದ ಕ್ರೆಡಿಟ್ ಕಾರ್ಡ್ ಇದ್ದರೆ ಇನ್ನೂ ಒಳ್ಳೆಯದು. ಫೋನಿಗೆ ನಿಮ್ಮ ಊರಿನ ನಂಬರಿನ ಮೇಲೇ ರೋಮಿಂಗ್ ಪ್ಯಾಕ್ ಹಾಕಿಸಿ, ಹಡಗಿನಲ್ಲಿ ಇಬ್ಬರಿಗೆ ಒಂದೇ ವೈಫೈ ತೆಗೆದುಕೊಳ್ಳಿ. ನಮ್ಮ ನಾಲ್ವರಲ್ಲಿ ಒಬ್ಬೊಬ್ಬರು ಒಂದೊಂದು ಥರ ಮಾಡಿಕೊಂಡು ಹೋಗಿದ್ದರಿಂದ ಯಾವುದು ಎಲ್ಲಿ ಕೈಕೊಡುತ್ತದೆ ಅನ್ನುವುದನ್ನು ಒಂದೇ ಪ್ರವಾಸದಲ್ಲಿ ನೋಡಿದ ಹಾಗಾಯಿತು.

2025ರ ಏಪ್ರಿಲ್‌ನಲ್ಲಿ ಹೋಗಿದ್ದು. ನಾನು, ನಮ್ಮವರು, ಸೋಮವಾರಪೇಟೆಯ ಅಕ್ಕ, ಭಾವ. ಕರಿಮೆಣಸು ಕೊಯ್ದು ಮುಗಿದಿತ್ತು, ಕಾಫಿ ಹೂ ಬಿಡಿಸುವ ಹೂಮಳೆ ಬಂದು ಹೋಗಿತ್ತು. ಮುಂಗಾರು ಹಿಡಿಯುವ ಮೊದಲು ತೋಟ ಬಿಟ್ಟು ನಾಲ್ಕು ದಿನ ಹೊರಗೆ ಹೋಗುವುದಾದರೆ ನಮಗೆಲ್ಲ ಅದೊಂದೇ ಸಮಯ. ಕಾಫಿಗೆ ಒಳ್ಳೆಯ ದರ ಸಿಕ್ಕ ವರ್ಷ ಬೇರೆ. ಸಿಂಗಾಪುರದಲ್ಲಿ ಎರಡು ರಾತ್ರಿ ಉಳಿದು, ಬುಧವಾರ ಮರೀನಾ ಬೇ ಕ್ರೂಸ್ ಸೆಂಟರಿನಲ್ಲಿ ಹಡಗು ಹತ್ತಿದೆವು. ಗುರುವಾರ ಮಲೇಷ್ಯಾದ ಪಿನಾಂಗ್, ಶುಕ್ರವಾರ ಥಾಯ್ಲೆಂಡಿನ ಫುಕೆಟ್, ಶನಿವಾರ ಇಡೀ ದಿನ ಕಡಲು, ಭಾನುವಾರ ಬೆಳಿಗ್ಗೆ ಮತ್ತೆ ಸಿಂಗಾಪುರ.

ಯಾರ ಕೈಯಲ್ಲಿ ಏನಿತ್ತು ಅಂತ ಹೇಳಿಬಿಡುತ್ತೇನೆ. ನಮ್ಮವರು ಮೈಸೂರಿನಲ್ಲಿ ಫೋರೆಕ್ಸ್ ಕಾರ್ಡ್ ಮಾಡಿಸಿ 1,000 ಡಾಲರ್ ತುಂಬಿಸಿಕೊಂಡಿದ್ದರು, ಫೋನಿಗೆ ಇ-ಸಿಮ್, ಅಂದರೆ ಚಿಪ್ ಹಾಕದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್. ನನ್ನ ಹತ್ತಿರ ಮಾರ್ಕಪ್ ಇಲ್ಲದ ಒಂದು ಕ್ರೆಡಿಟ್ ಕಾರ್ಡ್, ಉಳಿತಾಯ ಖಾತೆಯ ಡೆಬಿಟ್ ಕಾರ್ಡ್, ನನ್ನದೇ ನಂಬರಿನ ಮೇಲೆ ರೋಮಿಂಗ್ ಪ್ಯಾಕ್. ಅಕ್ಕನದು ಬ್ಯಾಂಕಿನ ಮಾಮೂಲಿ ಕ್ರೆಡಿಟ್ ಕಾರ್ಡ್. ಚಾಂಗಿ ಏರ್‌ಪೋರ್ಟಿನಲ್ಲಿ ಇಳಿದ ಕೂಡಲೇ ಟೂರಿಸ್ಟ್ ಸಿಮ್ ಕೊಂಡಳು. ಭಾವನಿಗೆ ನೋಟಿನ ಮೇಲೆಯೇ ನಂಬಿಕೆ. ಸೊಂಟದ ಚೀಲದಲ್ಲಿ ಡಾಲರ್, ಜೇಬಿನಲ್ಲಿ ಪೋಸ್ಟ್‌ಪೇಯ್ಡ್ ಫೋನ್.

ನನಗೆ ಫೋನ್ ಸಂಪರ್ಕ ಬೇಕಿತ್ತು, ಅದು ಬರೀ ಫೋಟೊ ಕಳಿಸುವುದಕ್ಕಲ್ಲ. ಕೊಡಗಿನ ಸಿದ್ದಾಪುರದ ಕಡೆ ನಮ್ಮ ತೋಟ. ಆನೆ ಯಾವ ರಾತ್ರಿ ಬರುತ್ತದೆ ಅಂತ ಹೇಳಲು ಬರುವುದಿಲ್ಲ. ಮನೆಯಲ್ಲಿ 81 ವರ್ಷದ ಅತ್ತೆ, ಜೊತೆಗೆ ಕೆಲಸದ ಹುಡುಗಿ. ಶನಿವಾರ ಬಟವಾಡೆ. ತೋಟದ ಲೆಕ್ಕ ನೋಡಿಕೊಳ್ಳುವವಳು ನಾನೇ. ತೋಟದ ಗುಮಾಸ್ತ, ನಾವು ರೈಟರ್ ಅನ್ನುವವರು, ಹಾಜರಿ ಪುಸ್ತಕದ ಫೋಟೊ ಕಳಿಸಿದ ಮೇಲೆ ದುಡ್ಡು ಹಾಕುವುದು ನಾನು. ಆ ಶನಿವಾರ ನಾನಿದ್ದದ್ದು ನಡುಗಡಲಿನಲ್ಲಿ.

ಈಗ ಫೋರೆಕ್ಸ್ ಕಾರ್ಡಿನ ವಿಷಯ. ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಕಾರ್ಡ್ ಮಾಡಿಸುವಾಗ ನಮಗೆ ಯಾರೂ ಹೇಳಲಿಲ್ಲ.

ಹಡಗಿನೊಳಗೆ ನೋಟು ನಡೆಯುವುದಿಲ್ಲ. ಹತ್ತುವಾಗ ಒಂದು ಕಾರ್ಡ್ ಕೊಡುತ್ತಾರೆ. ರೂಮಿನ ಬೀಗ ತೆಗೆಯುವುದಕ್ಕೂ ಅದೇ, ಕಾಫಿ ಕುಡಿಯುವುದಕ್ಕೂ ಅದೇ. ಖರ್ಚೆಲ್ಲ ಡಾಲರ್ ಲೆಕ್ಕದಲ್ಲಿ ನಿಮ್ಮ ರೂಮಿನ ಖಾತೆಗೆ ಬರೆದುಕೊಳ್ಳುತ್ತಾರೆ, ಕೊನೆಯ ರಾತ್ರಿ ಲೆಕ್ಕ ಚುಕ್ತಾ. ಆ ಖಾತೆಗೆ ಆಧಾರವಾಗಿ ಮೊದಲೇ ನಿಮ್ಮ ಬ್ಯಾಂಕಿನದೊಂದು ಕಾರ್ಡ್ ನಮೂದಿಸಬೇಕು. ನಮ್ಮವರು, 'ಡಾಲರ್ ತುಂಬಿಸಿಯೇ ತಂದಿದ್ದೇವಲ್ಲ, ಇದನ್ನೇ ಕೊಡೋಣ' ಅಂದರು. ಡಾಲರ್ ಖರ್ಚಿಗೆ ಡಾಲರ್ ಕಾರ್ಡ್, ಲೆಕ್ಕ ಸರಿಯಾಗಿಯೇ ಇದೆ ಅಂತ ನನಗೂ ಅನಿಸಿತು.

ಅಲ್ಲಿ ಆಗುವುದು ಬೇರೆ. ಖಾತೆ ತೆರೆದ ಕೂಡಲೇ ಹಡಗಿನವರು ಕಾರ್ಡಿನ ಮೇಲೆ ಒಂದು ಮೊತ್ತವನ್ನು ಹೋಲ್ಡ್ ಹಾಕುತ್ತಾರೆ. ದುಡ್ಡು ಕಡಿತವಾಗುವುದಿಲ್ಲ, ಆದರೆ ನೀವು ಮುಟ್ಟುವ ಹಾಗಿಲ್ಲ. ಸಂತೆಯಲ್ಲಿ ಅಕ್ಕಿಯವನು ತೂಗುವ ಮೊದಲೇ ನಿಮ್ಮ ಜೇಬಿನಿಂದ ಐನೂರು ತೆಗೆದು ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಇಟ್ಟುಕೊಂಡ ಹಾಗೆ. ಆಮೇಲೆ ದಿನಾ ರಾತ್ರಿ ಆ ದಿನದ ಖರ್ಚಿಗೆ ಮತ್ತೊಂದು ಹೋಲ್ಡ್. ಮೊದಲು ಇಟ್ಟುಕೊಂಡದ್ದರಲ್ಲಿ ಇದನ್ನು ಕಳೆಯುತ್ತಾರೆ ಅಂತ ನಾವು ಅಂದುಕೊಂಡಿದ್ದೆವು, ನಮ್ಮ ಹಡಗಿನಲ್ಲಿ ಹಾಗೆ ಮಾಡಲಿಲ್ಲ.

ನಮ್ಮ ಲೆಕ್ಕ ಹೀಗಿತ್ತು. ತುಂಬಿಸಿದ್ದು 1,000 ಡಾಲರ್. ಸಿಂಗಾಪುರದ ಎರಡು ದಿನದ ಊಟ, ಟಿಕೆಟ್ಟು, ಓಡಾಟಕ್ಕೆ 260 ಹೋಯಿತು. ಅಲ್ಲಿನ ಹೋಟೆಲಿನವರು ಡೆಪಾಸಿಟ್ ಅಂತ 200 ಸಿಂಗಾಪುರ ಡಾಲರ್, ಅಂದರೆ 152 ಅಮೆರಿಕನ್ ಡಾಲರ್, ಹೋಲ್ಡ್ ಹಾಕಿದ್ದರು. ರೂಮು ಖಾಲಿ ಮಾಡುವಾಗ 'ಬಿಡುಗಡೆ ಮಾಡಿದ್ದೇವೆ' ಅಂದರು. ಅವರು ಮಾಡಿದ್ದರು, ಆದರೆ ಕಾರ್ಡಿನ ಕಡೆಯವರು ಅದನ್ನು ತಕ್ಷಣ ಬಿಡುವುದಿಲ್ಲ. ಹಡಗಿನ ಮೊದಲ ಹೋಲ್ಡ್ 300. ಬುಧವಾರ ರಾತ್ರಿ 122, ಗುರುವಾರ ರಾತ್ರಿ 125. ತಲೆಗೆ ದಿನಕ್ಕೆ ಹದಿನೆಂಟು ಡಾಲರ್ ಚಿಲ್ಲರೆ ಟಿಪ್ ಅಂತ ಅವರೇ ಬರೆದುಕೊಳ್ಳುತ್ತಾರೆ, ಅದೂ ಇದರಲ್ಲಿ ಸೇರಿತ್ತು. ನಾವು ಹಡಗಿನಲ್ಲಿ ಖರ್ಚು ಮಾಡಿದ್ದು 247 ಡಾಲರ್, ಸಿಕ್ಕಿಬಿದ್ದದ್ದು 547.

ಇದು ನಮಗೆ ಗೊತ್ತಾಗಿದ್ದು ಶುಕ್ರವಾರ, ಪಟಾಂಗ್ ಬೀಚಿನಲ್ಲಿ. ಫುಕೆಟ್‌ನಲ್ಲಿ ಹಡಗು ದಡಕ್ಕೆ ಬರುವುದಿಲ್ಲ, ದೂರದಲ್ಲಿ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ಬಿಡುತ್ತಾರೆ. ದೋಣಿ ಇಳಿದು, ಟ್ಯಾಕ್ಸಿಗೆ ನೋಟು ಬೇಕು ಅಂತ ಎಟಿಎಂ ಹುಡುಕಿಕೊಂಡು ಹೋದೆವು. 3,000 ಬಾತ್ ಒತ್ತಿದರೆ ಕಾರ್ಡ್ ಹೊರಗೆ ಬಂತು, ದುಡ್ಡು ಬರಲಿಲ್ಲ. ಇನ್ನೊಂದು ಎಟಿಎಂ, ಅಲ್ಲೂ ಅದೇ. ನಮ್ಮವರು ಪಿನ್ ತಪ್ಪಾಯಿತೇನೋ ಅಂತ ಮೂರನೇ ಸಲ ಒತ್ತಲು ಹೊರಟರು, ನಾನು ಕೈ ಹಿಡಿದೆ. ಮೂರು ಸಲ ತಪ್ಪಿದರೆ ಕಾರ್ಡೇ ಲಾಕ್ ಆಗುತ್ತದೆ. ಬಿಸಿಲಿನಲ್ಲಿ ಅಂಗಡಿಯ ಚಾವಣಿ ಕೆಳಗೆ ನಿಂತು ಆ್ಯಪ್ ತೆಗೆದೆವು. ಬಳಸಲು ಉಳಿದದ್ದು 41 ಡಾಲರ್ ಅಂತ ತೋರಿಸಿತು. ಸಾವಿರ ಡಾಲರ್ ತುಂಬಿಸಿ ನಾಲ್ಕು ದಿನ ಆಗಿತ್ತು. ಕಾರ್ಡನ್ನು ಯಾರೋ ಕದ್ದು ಬಳಸಿದ್ದಾರೆ ಅಂತಲೇ ಅವರು ನಂಬಿಬಿಟ್ಟರು, ಮುಖ ಬಿಳಿಚಿಕೊಂಡಿತು. ನಾನು ಒಂದೊಂದೇ ಸಾಲು ಓದಿ, ಟಿಶ್ಯೂ ಕಾಗದದ ಮೇಲೆ ಕೂಡಿ ಕಳೆದು ತೋರಿಸುವ ಹೊತ್ತಿಗೆ ಅರ್ಧ ಗಂಟೆ ಹೋಯಿತು. ದಡದಲ್ಲಿ ನಮಗಿದ್ದದ್ದು ಐದೇ ಗಂಟೆ.

ಕೊನೆಗೆ ನನ್ನ ಡೆಬಿಟ್ ಕಾರ್ಡಿನಲ್ಲಿ ದುಡ್ಡು ತೆಗೆದೆವು. ಥಾಯ್ಲೆಂಡಿನ ಎಟಿಎಂಗಳು ಹೊರದೇಶದ ಕಾರ್ಡಿಗೆ ಪ್ರತಿ ಸಲ ಶುಲ್ಕ ಹಿಡಿಯುತ್ತವೆ, ನಮಗೆ 220 ಬಾತ್ ಹಿಡಿದರು. ಎಷ್ಟು ತೆಗೆದರೂ ಅಷ್ಟೇ ಶುಲ್ಕ, ಹಾಗಾಗಿ ತೆಗೆಯುವುದನ್ನು ಒಂದೇ ಸಲ ತೆಗೆಯಬೇಕು.

ಅಂದು ಸಂಜೆಯೇ ಗೆಸ್ಟ್ ಸರ್ವಿಸ್ ಕೌಂಟರಿಗೆ ಹೋದೆ. ನಲವತ್ತು ನಿಮಿಷ ಸಾಲಿನಲ್ಲಿ ನಿಂತೆ. ಅಲ್ಲಿದ್ದ ಹುಡುಗಿ ಎರಡೇ ನಿಮಿಷದಲ್ಲಿ ಖಾತೆಯನ್ನು ನನ್ನ ಕ್ರೆಡಿಟ್ ಕಾರ್ಡಿಗೆ ಬದಲಾಯಿಸಿ ಕೊಟ್ಟಳು. ಹಳೆಯ ಹೋಲ್ಡ್ ಬಿಡಿಸುವುದು ಮಾತ್ರ ತಮ್ಮ ಕೈಯಲ್ಲಿಲ್ಲ, ನಿಮ್ಮ ಬ್ಯಾಂಕೇ ಬಿಡಬೇಕು ಅಂದಳು. ಊರಿಗೆ ಬಂದ ಮೇಲೆ ಹೋಟೆಲಿನದು ಒಂಬತ್ತನೇ ದಿನ ಬಿಟ್ಟಿತು, ಹಡಗಿನದು ಇಪ್ಪತ್ಮೂರನೇ ದಿನ. ನಡುವೆ ನಾನು ಕಾರ್ಡಿನವರಿಗೆ ಆರು ಸಲ ಫೋನ್ ಮಾಡಿದ್ದೇನೆ. ಮೊದಲೇ ಉಳಿದಿದ್ದ 41 ಸೇರಿ ಕೈಗೆ ಬಂದ 740 ಡಾಲರನ್ನು ವಾಪಸು ರೂಪಾಯಿ ಮಾಡಿಸುವಾಗ, 87.30ಕ್ಕೆ ಕೊಂಡದ್ದನ್ನು 84.60ಕ್ಕೆ ತೆಗೆದುಕೊಂಡರು. ಹತ್ತಿರ ಹತ್ತಿರ 2,000 ರೂಪಾಯಿ ಏನೂ ಖರ್ಚು ಮಾಡದೆಯೇ ಹೋಯಿತು.

ಕ್ರೆಡಿಟ್ ಕಾರ್ಡಿನ ಮೇಲೂ ಇದೇ ಹೋಲ್ಡ್ ಬೀಳುತ್ತದೆ. ಆದರೆ ಅಲ್ಲಿ ಸಿಕ್ಕಿಬೀಳುವುದು ನಿಮ್ಮ ಲಿಮಿಟ್, ನಿಮ್ಮ ದುಡ್ಡಲ್ಲ. ಎರಡು ಲಕ್ಷದ ಲಿಮಿಟ್‌ನಲ್ಲಿ ಐವತ್ತು ಸಾವಿರ ಒಂದು ತಿಂಗಳು ಹಿಡಿದಿದ್ದರೂ ನಿಮಗೆ ಗೊತ್ತೂ ಆಗುವುದಿಲ್ಲ. ಡೆಬಿಟ್ ಕಾರ್ಡ್ ಕೊಟ್ಟರೆ ಫೋರೆಕ್ಸ್ ಕಾರ್ಡಿನ ಪಾಡೇ. ಕ್ರೆಡಿಟ್ ಕಾರ್ಡ್ ಇಲ್ಲವೇ ಇಲ್ಲ ಅನ್ನುವವರು ಕೌಂಟರಿನಲ್ಲಿ ನೋಟು ಕೊಟ್ಟು ಖಾತೆಗೆ ಮುಂಗಡ ಕಟ್ಟಬಹುದು. ಭಾವ ತಮ್ಮ ರೂಮಿಗೆ ಹಾಗೇ ಮಾಡಿದರು, ಉಳಿದದ್ದನ್ನು ಕೊನೆಯ ರಾತ್ರಿ ಎಣಿಸಿ ವಾಪಸು ಕೊಟ್ಟರು.

ಇಷ್ಟು ಹೇಳಿದೆ ಅಂತ ಫೋರೆಕ್ಸ್ ಕಾರ್ಡೇ ಕೆಟ್ಟದ್ದು ಅಂತ ಅಲ್ಲ. ದಡದಲ್ಲಿ ಅಂಗಡಿಗೆ, ಊಟಕ್ಕೆ ಚೆನ್ನಾಗಿಯೇ ನಡೆಯುತ್ತದೆ, ಕಳೆದುಹೋದರೂ ಒಳಗೆ ಇದ್ದಷ್ಟೇ ನಷ್ಟ. ಆದರೆ ಡಾಲರ್ ತುಂಬಿದ ಕಾರ್ಡಿನಲ್ಲಿ ಮಲೇಷ್ಯಾದ ರಿಂಗಿಟ್, ಥಾಯ್ಲೆಂಡಿನ ಬಾತ್ ಖರ್ಚು ಮಾಡಿದರೆ ಒಂದು ಕರೆನ್ಸಿಯಿಂದ ಇನ್ನೊಂದಕ್ಕೆ ಬದಲಾಯಿಸಿದ್ದಕ್ಕೆ ಬೇರೆ ಶುಲ್ಕ ಹಿಡಿಯುತ್ತಾರೆ. ಮೂರು ದಿನದಲ್ಲಿ ಮೂರು ದೇಶ ನೋಡುವ ಹಡಗಿನ ಪ್ರವಾಸಕ್ಕೆ ಇದು ಹೊಂದುವುದಿಲ್ಲ. ಒಂದೇ ದೇಶಕ್ಕೆ ಹದಿನೈದು ದಿನ ಹೋಗುವವರಿಗೆ ಸರಿ.

ಈಗ ಮಾರ್ಕಪ್ ಲೆಕ್ಕ. ನಮ್ಮ ಹಡಗಿನ ಒಟ್ಟು ಬಿಲ್ಲು 382 ಡಾಲರ್ ಆಯಿತು. ನನ್ನ ಕಾರ್ಡಿಗೆ 86 ರೂಪಾಯಿ ದರದಲ್ಲಿ 32,852 ರೂಪಾಯಿ ಬಿತ್ತು. ಅಕ್ಕನ ಕಾರ್ಡಿನಂಥ ಮಾಮೂಲಿ ಕ್ರೆಡಿಟ್ ಕಾರ್ಡಿನಲ್ಲಿ 3.5 ಪರ್ಸೆಂಟ್ ಮಾರ್ಕಪ್, ಆ ಮಾರ್ಕಪ್ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 4.13 ಪರ್ಸೆಂಟ್. ಅಂದರೆ ಅದೇ ಬಿಲ್ಲಿಗೆ 1,357 ರೂಪಾಯಿ ಹೆಚ್ಚು. ಇಷ್ಟಕ್ಕಾಗಿ ಹೊಸ ಕಾರ್ಡ್ ಮಾಡಿಸಬೇಕೇ ಅಂತ ಕೇಳಿದರೆ, ವರ್ಷಕ್ಕೊಂದು ಸಲವೂ ಹೊರದೇಶಕ್ಕೆ ಹೋಗದವರಿಗೆ ಬೇಡ, ಇರುವ ಕ್ರೆಡಿಟ್ ಕಾರ್ಡೇ ಸಾಕು. ಹೋಲ್ಡ್‌ನಲ್ಲಿ ಸಿಕ್ಕಿಬೀಳುವುದಕ್ಕಿಂತ ಆ ಸಾವಿರದ ಮುನ್ನೂರು ಕೊಡುವುದೇ ಲೇಸು. ಒಂದು ವಿಷಯ ಮಾತ್ರ ಮರೆಯಬೇಡಿ: 2020ರ ಅಕ್ಟೋಬರಿನಿಂದ ಜಾರಿಯಾದ ಆರ್‌ಬಿಐ ನಿಯಮದಂತೆ ಹೊಸ ಕಾರ್ಡುಗಳಲ್ಲಿ ಹೊರದೇಶದ ಬಳಕೆ ಬಂದ್ ಆಗಿಯೇ ಬರುತ್ತದೆ. ಮನೆಯಲ್ಲಿ ಕೂತು, ಒಟಿಪಿ ಬರುವ ಜಾಗದಲ್ಲೇ ಅದನ್ನು ಆನ್ ಮಾಡಿಕೊಂಡು ಹೊರಡಿ.

ಅಂಗಡಿಯ ಮಷಿನ್ 'ರೂಪಾಯಿಯಲ್ಲಿ ಕೊಡುತ್ತೀರಾ, ಇಲ್ಲಿನ ದುಡ್ಡಿನಲ್ಲಿ ಕೊಡುತ್ತೀರಾ' ಅಂತ ಕೇಳಿದರೆ ಅಲ್ಲಿನ ದುಡ್ಡನ್ನೇ ಒತ್ತಿ. ಸಿಂಗಾಪುರದ ಒಂದು ಅಂಗಡಿಯಲ್ಲಿ ಅಕ್ಕ ರೂಪಾಯಿ ಒತ್ತಿದಳು, ನಮ್ಮ ದುಡ್ಡು ಕಂಡು ಖುಷಿಯಾಗಿ. 86 ಸಿಂಗಾಪುರ ಡಾಲರಿನ ಸಾಮಾನಿಗೆ 5,850 ರೂಪಾಯಿ ಹಿಡಿಯಿತು. ಆ ದಿನದ ದರದಲ್ಲಿ 5,590 ಆಗಬೇಕಿತ್ತು.

ಯುಪಿಐ ಮೇಲೆ ನಾನು ಆಸೆ ಇಟ್ಟುಕೊಂಡಿದ್ದೆ. 2023ರ ಫೆಬ್ರವರಿಯಲ್ಲಿ ಸಿಂಗಾಪುರದ ಪೇನೌ, ಅಂದರೆ ಅಲ್ಲಿನ ಯುಪಿಐಯಂಥ ವ್ಯವಸ್ಥೆ, ಅದರ ಜೊತೆ ಜೋಡಿಸಿದರಲ್ಲ. ಆದರೆ ಅದು ಅಲ್ಲಿ ಖಾತೆ ಇರುವವರಿಗೆ ಇಲ್ಲಿಂದ, ಇಲ್ಲಿನವರಿಗೆ ಅಲ್ಲಿಂದ ದುಡ್ಡು ಕಳಿಸುವುದಕ್ಕೆ. ಅಂಗಡಿಯಲ್ಲಿ ಕೊಡುವುದು ಬೇರೆ ವ್ಯವಸ್ಥೆ. ನಾನು ಲಿಟಲ್ ಇಂಡಿಯಾದಲ್ಲಿ ಕೇಳಿದ ಎರಡು ಕಡೆಯೂ ಆಗಲಿಲ್ಲ.

ನೋಟಿನ ವಿಷಯದಲ್ಲಿ ಭಾವನ ಮಾತು ಪಿನಾಂಗ್‌ನಲ್ಲಿ ನಿಜವಾಯಿತು. ಅಲ್ಲಿ ಹಡಗು ನೇರ ಜಾರ್ಜ್ ಟೌನಿನ ಸ್ವೆಟನ್‌ಹ್ಯಾಮ್ ಕಟ್ಟೆಗೇ ಬಂದು ನಿಲ್ಲುತ್ತದೆ, ಇಳಿದು ನಡೆದರೆ ಹಳೇ ಪೇಟೆ. 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಬೀದಿಗಳು ಅವು. ರಸ್ತೆಬದಿಯಲ್ಲಿ ತಳ್ಳುಗಾಡಿಯ ಹೆಂಗಸೊಬ್ಬಳು ಜಾಯಿಕಾಯಿ ಶರಬತ್ತು ಮಾರುತ್ತಿದ್ದಳು. ನಮ್ಮ ತೋಟದಲ್ಲೂ ಎರಡು ಜಾಯಿಕಾಯಿ ಮರ ಇವೆ, ನಾವು ಪತ್ರೆ, ಕಾಯಿ ತೆಗೆದು ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಹಾಕುತ್ತೇವೆ. ಅವಳು ಆ ಸಿಪ್ಪೆಯನ್ನೇ ಜಜ್ಜಿ, ಸಕ್ಕರೆ ಪಾಕ ಹಾಕಿ, ಮಂಜುಗಡ್ಡೆ ತುಂಬಿ ಕೊಡುತ್ತಿದ್ದಳು. ಲೋಟಕ್ಕೆ ನಾಲ್ಕು ರಿಂಗಿಟ್. ನಾನು ಕಾರ್ಡ್ ತೋರಿಸಿದೆ, ಅವಳು ತಲೆ ಅಲ್ಲಾಡಿಸಿ ಪ್ಲಾಸ್ಟಿಕ್ ಡಬ್ಬಿಯ ಚಿಲ್ಲರೆ ತೋರಿಸಿದಳು. ಭಾವ ಆಗಲೇ ಅಲ್ಲಿನ ಮನಿ ಚೇಂಜರ್ ಹತ್ತಿರ ಐವತ್ತು ಸಿಂಗಾಪುರ ಡಾಲರ್ ಬದಲಾಯಿಸಿಕೊಂಡಿದ್ದರು, ನಾಲ್ಕು ಲೋಟಕ್ಕೂ ಅವರೇ ಕೊಟ್ಟರು. ಊರಿಗೆ ಬಂದ ಮೇಲೆ ನಾನೂ ಆ ಶರಬತ್ತು ಮಾಡಿದೆ, ಚೆನ್ನಾಗಿಯೇ ಬಂತು.

ಆದರೆ ಎಲ್ಲಕ್ಕೂ ನೋಟೇ ಅನ್ನುವುದು ನನಗೆ ಹಿಡಿಸದು. ಒಬ್ಬರು ಒಂದು ಸಲಕ್ಕೆ 3,000 ಡಾಲರಿನವರೆಗೆ ನೋಟು ಒಯ್ಯಬಹುದು; ಆದರೆ ಸಾವಿರ ಡಾಲರನ್ನು ಸೊಂಟದಲ್ಲಿ ಕಟ್ಟಿಕೊಂಡು ಬೀಚಿಗೆ ಇಳಿದರೆ ಭಾವ ಒಂದು ಸಲವೂ ನೀರಿಗೆ ಕಾಲಿಡಲಿಲ್ಲ, ಚೀಲ ಕಾಯುತ್ತ ಮರಳಿನ ಮೇಲೆ ಕೂತಿದ್ದರು. ನೋಟು ಕೊಳ್ಳುವಾಗ ಗಮನಿಸಿ: 50,000 ರೂಪಾಯಿಗಿಂತ ಹೆಚ್ಚಿನದನ್ನು ನಗದು ಕೊಟ್ಟು ಕೊಳ್ಳಲು ಬಿಡುವುದಿಲ್ಲ, ದುಡ್ಡು ಬ್ಯಾಂಕ್ ಖಾತೆಯಿಂದಲೇ ಹೋಗಬೇಕು. ಬೆಂಗಳೂರಿನ ಏರ್‌ಪೋರ್ಟಿಗಿಂತ ಮೈಸೂರಿನಲ್ಲಿ ನಮಗೆ ಒಳ್ಳೆಯ ದರ ಸಿಕ್ಕಿತು. ಪೆನ್ನಿನ ಗೆರೆ ಇರುವ, ಮೂಲೆ ಹರಿದ ಡಾಲರ್ ನೋಟು ಕೊಟ್ಟರೆ ಕೊಂಡ ಕಡೆಯಲ್ಲೇ ಬದಲಾಯಿಸಿಕೊಳ್ಳಿ.

ಟಿಸಿಎಸ್, ಅಂದರೆ ದುಡ್ಡು ಕಟ್ಟುವಾಗಲೇ ಮುಂಗಡವಾಗಿ ಹಿಡಿಯುವ ಆದಾಯ ತೆರಿಗೆ, ಅದರ ಬಗ್ಗೆ ತೋಟದವರಿಗೆ ಒಂದು ಮಾತು. ಪ್ಯಾಕೇಜ್ ಮಾಡಿಕೊಟ್ಟವರು ನಮ್ಮಿಬ್ಬರ 2,30,000 ರೂಪಾಯಿ ಮೇಲೆ 5 ಪರ್ಸೆಂಟ್, ಅಂದರೆ 11,500 ಟಿಸಿಎಸ್ ಹಿಡಿದರು. ಫೋರೆಕ್ಸ್ ಕಾರ್ಡಿಗೆ ತುಂಬಿದ್ದಕ್ಕೆ ಏನೂ ಹಿಡಿಯಲಿಲ್ಲ, 2025ರ ಏಪ್ರಿಲ್ 1ರಿಂದ ಅದಕ್ಕೆ 10 ಲಕ್ಷದವರೆಗೆ ವಿನಾಯಿತಿ. ಹಿಡಿದ ಟಿಸಿಎಸ್ ನಮ್ಮ ಪ್ಯಾನ್ ಮೇಲೆ ಜಮೆಯಾಗಿರುತ್ತದೆ, ಆದರೆ ರಿಟರ್ನ್ ಹಾಕಿದರೆ ಮಾತ್ರ ವಾಪಸು ಬರುವುದು. ನಮ್ಮಲ್ಲಿ ಎಷ್ಟೋ ಜನ ಕಾಫಿಯನ್ನು ಚೆರ್ರಿಯಾಗಿಯೇ, ಅಂದರೆ ಸಿಪ್ಪೆ ಸಮೇತ, ಮಾರುತ್ತೇವೆ, ಸಿಪ್ಪೆ ಬಿಡಿಸಿ ಬೀಜ ಹದ ಮಾಡುವ ಕ್ಯೂರಿಂಗ್ ಮಾಡಿಸುವುದಿಲ್ಲ; ಪೂರ್ತಿ ಕೃಷಿ ಆದಾಯ, ತೆರಿಗೆ ಇಲ್ಲ, ಹಾಗಾಗಿ ರಿಟರ್ನ್ ಹಾಕುವ ಅಭ್ಯಾಸವೇ ಇಲ್ಲ. ಹಾಗಿದ್ದರೆ ಆ ವರ್ಷಕ್ಕಾದರೂ ಹಾಕಿ. ಹನ್ನೊಂದು ಸಾವಿರ ನಿಮ್ಮದೇ ದುಡ್ಡು.

ಫೋನಿನ ಕಥೆಗೆ ಬರುತ್ತೇನೆ. ಮಳೆಗಾಲದಲ್ಲಿ ಕೆರೆ ಏರಿ ಮೇಲೆ ಹೋಗಿ, ಹೊನ್ನೆ ಮರದ ಬುಡದಲ್ಲಿ ನಿಂತರೆ ಮಾತ್ರ ನೆಟ್‌ವರ್ಕ್ ಸಿಗುವ ಊರಿನವರು ನಾವು. ಹಾಗಾಗಿ ಹಡಗಿನಲ್ಲಿ ಸಿಗ್ನಲ್ ಇಲ್ಲದ್ದು ನನಗೆ ಹೊಸದಲ್ಲ. ಹೊಸದಾಗಿ ಕಲಿತದ್ದು ಬೇರೆ: ಅಲ್ಲಿ ಸಿಗ್ನಲ್ ಕಂಡರೂ ಮುಟ್ಟಬಾರದು.

ದಡದಿಂದ ದೂರ ಹೋದ ಮೇಲೆ ಹಡಗು ತನ್ನದೇ ಮೊಬೈಲ್ ನೆಟ್‌ವರ್ಕ್ ಹಚ್ಚುತ್ತದೆ. ನಿಮ್ಮ ಫೋನ್ ಅದನ್ನು ಮಾಮೂಲಿ ಟವರ್ ಅಂತ ತಿಳಿದು ಹಿಡಿದುಕೊಳ್ಳುತ್ತದೆ. ಸಿಂಗಾಪುರ, ಮಲೇಷ್ಯಾ, ಥಾಯ್ಲೆಂಡ್ ಅಂತ ನೀವು ಹಾಕಿಸಿದ ರೋಮಿಂಗ್ ಪ್ಯಾಕಿನಲ್ಲಿ ಇದು ಸೇರಿಲ್ಲ. ಭಾವ ಮೊದಲ ರಾತ್ರಿ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕದೆ ಮಲಗಿದರು. ಬೆಳಿಗ್ಗೆ ಎಚ್ಚರವಾಗುವ ಹೊತ್ತಿಗೆ ಸಿಂಗಾಪುರದ ಫೋಟೊಗಳು ತಮ್ಮಷ್ಟಕ್ಕೆ ಬ್ಯಾಕಪ್ ಆಗುತ್ತಿದ್ದವು. ಮುಂದಿನ ತಿಂಗಳ ಬಿಲ್ಲಿನಲ್ಲಿ 4,300 ರೂಪಾಯಿ ಹೆಚ್ಚು. ಹಡಗು ಹತ್ತುವ ಮೆಟ್ಟಿಲಿನಲ್ಲೇ ಏರೋಪ್ಲೇನ್ ಮೋಡ್ ಒತ್ತಿ, ಆಮೇಲೆ ವೈಫೈ ಒಂದನ್ನು ಮಾತ್ರ ತೆರೆಯಿರಿ.

ಹಡಗಿನ ವೈಫೈ ದುಬಾರಿ, ಆದರೆ ಹಿಂದಿನ ಕಾಲದ ಹಾಗೆ ನಿಧಾನವಿಲ್ಲ. 2022ರಿಂದೀಚೆಗೆ ದೊಡ್ಡ ಹಡಗುಗಳು ಸ್ಟಾರ್‌ಲಿಂಕ್ ಅನ್ನುವ ಉಪಗ್ರಹದ ಇಂಟರ್ನೆಟ್ ಹಾಕಿಸಿಕೊಂಡಿವೆ, ನಮ್ಮದರಲ್ಲೂ ಇತ್ತು. ವಾಟ್ಸ್ಆ್ಯಪ್ ವಿಡಿಯೊದಲ್ಲಿ ಅತ್ತೆಯ ಮುಖ ನಮ್ಮ ತೋಟದ ಮನೆಯಿಂದ ಕಾಣುವುದಕ್ಕಿಂತ ಚೆನ್ನಾಗಿ ಕಂಡಿತು. ಹೊರಡುವ ಮೊದಲೇ ಕಟ್ಟಿದ್ದರಿಂದ ಒಂದು ಫೋನಿಗೆ ನಾಲ್ಕು ದಿನಕ್ಕೆ 80 ಡಾಲರ್ ಆಯಿತು, ಒಳಗೆ ಹೋಗಿ ಕೊಂಡರೆ ಇನ್ನೂ ಹೆಚ್ಚಿತ್ತು. ಒಂದು ಫೋನಿನದನ್ನು ಬಿಡಿಸಿ ಇನ್ನೊಂದರಲ್ಲಿ ಹಾಕಿಕೊಳ್ಳಲು ಬರುತ್ತಿತ್ತು, ನಾವಿಬ್ಬರು ಹಾಗೇ ಸರದಿಯಲ್ಲಿ ಬಳಸಿದೆವು. ಅಕ್ಕ, ಭಾವ ವೈಫೈ ತೆಗೆದುಕೊಳ್ಳಲಿಲ್ಲ, ಅವರಿಗೆ ಬೇಕಾಗಲೂ ಇಲ್ಲ.

ದಡದಲ್ಲಿ ಯಾವುದು ಅಗ್ಗ ಅಂತ ಕೇಳಿದರೆ ನಮ್ಮವರ ಇ-ಸಿಮ್. ಮೂರೂ ದೇಶಕ್ಕೆ ಸೇರಿಸಿ ಒಂದೇ, ನನ್ನ ರೋಮಿಂಗ್ ಪ್ಯಾಕಿನ ಅರ್ಧ ಬೆಲೆಗೂ ಕಡಿಮೆ. ಊರಿನ ಸಿಮ್ ತೆಗೆಯುವ ಕೆಲಸವಿಲ್ಲ. ಆದರೆ ಅದು ಬರೀ ಡೇಟಾ, ನಂಬರ್ ಇಲ್ಲ. ಎಲ್ಲ ಫೋನುಗಳಲ್ಲೂ ಆಗುವುದಿಲ್ಲ, ನನ್ನದರಲ್ಲಿ ಆಗುತ್ತಿರಲಿಲ್ಲ.

ಅಕ್ಕನ ಟೂರಿಸ್ಟ್ ಸಿಮ್ ಬಗ್ಗೆ ನನ್ನದು ನೇರ ವಿರೋಧ. ಒಂದೇ ಸಿಮ್ಮಿನ ಫೋನು, ಊರಿನ ಸಿಮ್ ತೆಗೆದು ಪರ್ಸಿನಲ್ಲಿ ಟೇಪ್ ಹಚ್ಚಿ ಇಟ್ಟಳು. ಆ ಕ್ಷಣದಿಂದ ಅವಳ ಯುಪಿಐ ಆ್ಯಪ್ 'ಸಿಮ್ ಬದಲಾಗಿದೆ, ಮತ್ತೆ ನೋಂದಾಯಿಸಿ' ಅನ್ನತೊಡಗಿತು. ನೋಂದಾಯಿಸಲು ಹಳೇ ನಂಬರಿನಿಂದ ಎಸ್ಎಂಎಸ್ ಹೋಗಬೇಕು. ಬ್ಯಾಂಕಿನ ಒಟಿಪಿಯೂ ಪರ್ಸಿನಲ್ಲಿದ್ದ ಸಿಮ್ಮಿಗೇ ಬರಬೇಕು. ಸಿಂಗಾಪುರದಲ್ಲಿ ಒಂದು ಟಿಕೆಟ್ ಬುಕ್ ಮಾಡಲು ಕಾಫಿ ಅಂಗಡಿಯ ಮೇಜಿನ ಮೇಲೆ ಕಿವಿಯೋಲೆಯ ತಿರುಪಿನಿಂದ ಸಿಮ್ ಟ್ರೇ ತೆಗೆದು, ಸಿಮ್ ಬದಲಾಯಿಸಿ, ಒಟಿಪಿ ಬಂದ ಮೇಲೆ ಮತ್ತೆ ಬದಲಾಯಿಸಿದಳು. ಆ ಉಗುರಿನಷ್ಟು ಸಿಮ್ ಒಂದು ಸಲ ಕೈಜಾರಿ ಕೆಳಗೆ ಬಿದ್ದು, ನಾವಿಬ್ಬರೂ ಮೊಣಕಾಲೂರಿ ಹುಡುಕಿದೆವು.

ಇನ್ನು ಶನಿವಾರ. ಬೆಳಿಗ್ಗೆ ಹತ್ತಕ್ಕೆ ರೈಟರ್ ಹಾಜರಿ ಫೋಟೊ ಕಳಿಸಿದರು, 34,500 ರೂಪಾಯಿ. ನಾನು ಅಭ್ಯಾಸದಂತೆ ನೆಟ್ ಬ್ಯಾಂಕಿಂಗ್ ತೆಗೆದೆ. ವೈಫೈ ಚೆನ್ನಾಗಿತ್ತು, ಪುಟ ತೆರೆಯಿತು, ಮೊತ್ತ ಹಾಕಿದೆ, ಒಟಿಪಿ ಕೇಳಿತು. ಒಟಿಪಿ ಬರುವುದು ಎಸ್ಎಂಎಸ್‌ನಲ್ಲಿ, ಎಸ್ಎಂಎಸ್‌ಗೆ ಟವರ್ ಬೇಕು, ಸುತ್ತ ನೀರು ಬಿಟ್ಟರೆ ಏನೂ ಇಲ್ಲ. ಏರೋಪ್ಲೇನ್ ಮೋಡ್ ತೆಗೆದರೆ ಭಾವನ ಬಿಲ್ಲು. ಡೆಕ್ಕಿನ ಮೇಲೆ ಕುರ್ಚಿಯಲ್ಲಿ ಕೂತು, ಲೈನ್ ಮನೆಯ ಕೆಲಸದವರು ಸಂಜೆ ಸಂತೆಗೆ ಹೋಗಬೇಕಲ್ಲ, ಏನು ಮಾಡಲಿ ಅಂತ ಯೋಚಿಸಿದೆ. ಆಗ ಯುಪಿಐ ನೆನಪಾಯಿತು. ಅದಕ್ಕೆ ಒಟಿಪಿ ಬೇಡ, ಪಿನ್ ಸಾಕು. ನನ್ನ ಸಿಮ್ ಫೋನಿನಲ್ಲೇ ಇತ್ತು, ಆ್ಯಪ್ ತಕರಾರು ಮಾಡಲಿಲ್ಲ. ಎರಡು ಕಂತಿನಲ್ಲಿ ಹಾಕಿದೆ. ಐದು ನಿಮಿಷಕ್ಕೆ ರೈಟರ್ ಧ್ವನಿ ಸಂದೇಶ ಬಂತು: 'ಅಮ್ಮಾ, ದುಡ್ಡು ಬಂತು. ಇಲ್ಲಿ ಜೋರು ಮಳೆ ಉಂಟು, ರಾತ್ರಿ ಆನೆ ಎಲ್ಲ ಬರ್ಲಿಲ್ಲ.' ಅವರ ಮಾತಿನ ಹಿಂದೆ ಹಂಚಿನ ಮೇಲೆ ಮಳೆ ಬೀಳುವ ಸದ್ದು ಕೇಳುತ್ತಿತ್ತು. ನಾನದನ್ನು ಎರಡು ಸಲ ಹಾಕಿ ಕೇಳಿದೆ.

ನನ್ನ ರೋಮಿಂಗ್ ಪ್ಯಾಕ್ ದುಬಾರಿಯಾದರೂ ಮತ್ತೆ ಅದನ್ನೇ ಹಾಕಿಸುತ್ತೇನೆ ಅನ್ನುವುದಕ್ಕೆ ಕಾರಣ ಇದು. ಮನೆಯ ನಂಬರಿಗೇ ಕರೆ ಬರುತ್ತದೆ. ಅತ್ತೆಗೆ ಹೊಸ ನಂಬರ್ ಹೇಳಿಕೊಡುವ ಕೆಲಸವಿಲ್ಲ, ಒಟಿಪಿ ದಡದಲ್ಲಿ ತಡವಿಲ್ಲದೆ ಬರುತ್ತದೆ. ಬರೀ ನಕ್ಷೆ, ಫೋಟೊ, ವಾಟ್ಸ್ಆ್ಯಪ್ ಸಾಕು, ಊರಿನಲ್ಲಿ ಮಕ್ಕಳು ಎಲ್ಲ ನೋಡಿಕೊಳ್ಳುತ್ತಾರೆ ಅನ್ನುವವರಿಗೆ ಇ-ಸಿಮ್ಮೇ ಸರಿ. ದುಡ್ಡು ಉಳಿಯುತ್ತದೆ.

ಈ ನವೆಂಬರಿಗೆ ಮೊದಲು, ಹಣ್ಣು ಕೊಯ್ಲು ಶುರುವಾಗುವುದರೊಳಗೆ, ಇನ್ನೊಂದು ಸಲ ಹೋಗುವ ಮಾತು ನಡೆಯುತ್ತಿದೆ. ನನ್ನ ಪಟ್ಟಿ ಸಿದ್ಧವಿದೆ. ಹಡಗಿಗೆ ನನ್ನ ಕ್ರೆಡಿಟ್ ಕಾರ್ಡ್. ಬೀದಿಬದಿಯ ಖರ್ಚಿಗೆ ಇನ್ನೂರು ಡಾಲರಿನಷ್ಟು ನೋಟು, ಇಬ್ಬರ ಹತ್ತಿರವೂ ಅರ್ಧರ್ಧ. ಇಬ್ಬರಿಗೆ ಒಂದು ವೈಫೈ, ಮೊದಲೇ ಕಟ್ಟಿ. ಬಟವಾಡೆಯ ದುಡ್ಡು ಒಂದು ವಾರ ಮುಂಚೆಯೇ ರೈಟರ್ ಖಾತೆಗೆ. ನಮ್ಮವರು ಫೋರೆಕ್ಸ್ ಕಾರ್ಡನ್ನೂ ತರುತ್ತೇನೆ ಅನ್ನುತ್ತಿದ್ದಾರೆ. ತರಲಿ, ಮುನ್ನೂರು ಡಾಲರ್ ತುಂಬಿಸಿಕೊಂಡು, ದಡದ ಅಂಗಡಿಗೆ ಮಾತ್ರ.